ಬಳ್ಳಿಗೆ ಏನೂ ಮಾಡಬೇಡಿ

"ದ್ರಾಕ್ಷಿ ವಿಷಯ ನನಗ ಹೇಳಿಕೊಡಬ್ಯಾಡ ನೀ. ನಾ ಬಿಜಾಪುರದಾಂವ!"

ಚೇತನಕುಮಾರ ಎದೆಯುಬ್ಬಿಸಿ ಈ ಘೋಷಣೆ ಮಾಡಿದಾಗ ಅವನ ಬಲಗೈಯಲ್ಲಿ ಹೊಚ್ಚ ಹೊಸ ಕತ್ತರಿ, ತಲೆಯ ಮೇಲೆ ಟವೆಲ್ಲಿನ ಪಟಗಾ. ಸ್ಥಳ, ಜರ್ಮನಿಯ ಬೊಬ್ಲಿಂಗೆನ್ ಹತ್ತಿರದ ಒಂದು ಹಳ್ಳಿಯಲ್ಲಿ ಅವರ ಬಾಡಿಗೆ ಮನೆಯ ಹಿತ್ತಲು. ಎದುರಿಗೆ ಹನ್ನೊಂದು ದ್ರಾಕ್ಷಿ ಬಳ್ಳಿಗಳು ಏಪ್ರಿಲ್ ತಿಂಗಳ ಎಳೆಬಿಸಿಲಿಗೆ ಮೈಯೊಡ್ಡಿ ನಿಶ್ಚಿಂತೆಯಿಂದ ನಿಂತಿದ್ದವು. ಪಾಪ, ಅವುಗಳಿಗೇನು ಗೊತ್ತು!

ಮೇಲಂತಸ್ತಿನ ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಜಯಾ ತಲೆ ಹೊರಗೆ ಹಾಕಿದಳು. "ಬಿಜಾಪುರದವ್ರು ಖರೆ. ಆದ್ರ ನೀವು ದ್ರಾಕ್ಷಿ ತಿಂದವ್ರು, ಬೆಳದವ್ರಲ್ಲ."

ಮಾತು ಸುಳ್ಳಲ್ಲ. ಚೇತನನ ಅಪ್ಪ ಸಿದ್ದರಾಮಪ್ಪನವರದು ನಾಲ್ಕು ಎಕರೆ ದ್ರಾಕ್ಷಿ ತೋಟ. ಆದರೆ ಮಗ ಏಳನೇ ಕ್ಲಾಸಿನಿಂದಲೇ ಹಾಸ್ಟೆಲ್ಲಿನ ಪಾಲು. ರಜೆಗೆ ಬಂದಾಗ ಅವನಿಗೆ ಒಪ್ಪಿಸುತ್ತಿದ್ದದ್ದು ಒಂದೇ ಕೆಲಸ, ಡಬ್ಬಿ ಬಡಿದು ಹಕ್ಕಿ ಓಡಿಸುವುದು. "ಹಕ್ಕಿ ತಿಂದಿದ್ರ ಇಷ್ಟ ಕಡಿಮಿ ಆಗ್ತಿರಲಿಲ್ಲ" ಎಂದು ಅಪ್ಪ ಆ ಕೆಲಸದಿಂದಲೂ ಬಿಡಿಸಿದ್ದರು. ಈ ಇತಿಹಾಸವನ್ನು ಚೇತನ ಜರ್ಮನಿಗೆ ಬರುವಾಗ ಬಿಜಾಪುರದಲ್ಲೇ ಬಿಟ್ಟು ಬಂದಿದ್ದ.

ಬಂದದ್ದು ಗ್ರೀನ್ ಕಾರ್ಡಿನ ಮೇಲೆ. ಜರ್ಮನ್ ಸರಕಾರ ಕಂಪ್ಯೂಟರ್ ಬಲ್ಲವರನ್ನು ಕೈಬೀಸಿ ಕರೆದ ಕಾಲ ಅದು. ಸರಕಾರ ಕರೆಯಿತು, ಆಫೀಸು ಕುರ್ಚಿ ಕೊಟ್ಟಿತು, ಮನೆ ಮಾತ್ರ ಯಾರೂ ಕೊಡಲಿಲ್ಲ. ಪೇಪರಿನಲ್ಲಿ ಜಾಹೀರಾತು ನೋಡಿ ಫೋನ್ ಮಾಡಿ, "ಚೇತನಕುಮಾರ ಸಿದ್ದರಾಮಪ್ಪ" ಎಂದು ಹೆಸರು ಹೇಳಿ ಮುಗಿಸುವುದರೊಳಗೆ ಆ ಮನೆ ಬೇರೆಯವರಿಗೆ ಹೋಗಿಬಿಟ್ಟಿರುತ್ತಿತ್ತು. ಮುಂದಿನ ಶನಿವಾರ ಅದೇ ಮನೆಯ ಜಾಹೀರಾತು ಮತ್ತೆ ಬರುತ್ತಿತ್ತು. ಹೀಗೆ ಇಪ್ಪತ್ತಮೂರು ಮನೆಗಳು ಕೈತಪ್ಪಿದ ಮೇಲೆ ಸಿಕ್ಕವರು ಫ್ರಾವ್, ಅಂದರೆ ಶ್ರೀಮತಿ, ರೋಮಿಂಗರ್.

ಎಪ್ಪತ್ತನಾಲ್ಕರ ಹೆಂಗಸು, ಗಂಡ ಓಯ್ಗೆನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೆಳಗೆ ಅವರ ವಾಸ, ಮೇಲಂತಸ್ತು ಖಾಲಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೇರ್‌ವೋಖೆ ಮಾಡುತ್ತೀರಾ?" ವಾರಕ್ಕೊಬ್ಬರ ಸರದಿಯಂತೆ ಮೆಟ್ಟಿಲು, ಅಂಗಳ ಗುಡಿಸುವುದು ಆ ಸೀಮೆಯಲ್ಲಿ ವೇದವಾಕ್ಯ. ಜಯಾಳಿಗೆ ಪ್ರಶ್ನೆ ತಿಳಿಯಲಿಲ್ಲ, ಆದರೂ ಹೂಂ ಎಂದು ತಲೆಯಾಡಿಸಿದಳು. ಮನೆ ಸಿಕ್ಕಿತು! ಕರಾರು ಮಾತ್ರ ಒಂದೇ ವರ್ಷದ್ದು, ಅಕ್ಟೋಬರ್ ಕೊನೆಯವರೆಗೆ. "ಮೊದಲು ಒಬ್ಬರನ್ನೊಬ್ಬರು ನೋಡೋಣ" ಎಂದಿದ್ದರು ಮುದುಕಿ.

ಆ ದಿನವೇ ಒಂದು ಸಣ್ಣ ಘಟನೆ ನಡೆದಿತ್ತು. ಸಹಿ ಆದ ಮೇಲೆ ಫ್ರಾವ್ ರೋಮಿಂಗರ್ ಒಲೆಯಿಂದ ಆಗಷ್ಟೇ ತೆಗೆದ ಸೇಬಿನ ಕೇಕು ತಂದಿಟ್ಟು, "ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರು. ನಮ್ಮ ಕಡೆ ಮೊದಲ ಸಲ ಕೇಳಿದಾಗ ಯಾರಾದರೂ ಹೂಂ ಅನ್ನುತ್ತಾರೆಯೇ? "ಬೇಡ ಬೇಡ, ಡಂಕೆ" ಎಂದು ಧನ್ಯವಾದ ಹೇಳಿದ ಚೇತನ. ಎರಡನೇ ಸಲ ಕೇಳಿದಾಗ "ಈಗಷ್ಟೇ ಊಟ ಆಯ್ತು" ಅನ್ನಬೇಕು, ಮೂರನೇ ಸಲ "ನಿಮ್ಮ ಮನಸ್ಸಿಗ್ಯಾಕ ಬ್ಯಾಸರ" ಎಂದು ತಟ್ಟೆಗೆ ಕೈ ಹಾಕಬೇಕು. ಆದರೆ ಎರಡನೇ ಸಲ ಬರಲೇ ಇಲ್ಲ. ಫ್ರಾವ್ ರೋಮಿಂಗರ್ ಅವನ ಮಾತನ್ನು ನಂಬಿ ಕೇಕನ್ನು ಒಳಗೆ ಇಟ್ಟುಬಿಟ್ಟರು. ಬೆಳಗಿನಿಂದ ಏನೂ ತಿನ್ನದಿದ್ದ ಚೇತನ ಆ ತಟ್ಟೆ ಬಾಗಿಲು ದಾಟುವವರೆಗೂ ಅದನ್ನೇ ನೋಡುತ್ತಿದ್ದ.

ಇಲ್ಲಿಯವರ ಬಾಯಲ್ಲಿ ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು. ಅಂದೇ ಈ ಪಾಠ ಕಲಿತಿದ್ದರೆ ಹನ್ನೊಂದು ಬಳ್ಳಿಗಳು ಕತ್ತರಿಯಿಂದ ಪಾರಾಗುತ್ತಿದ್ದವು. ಚೇತನ ಕಲಿತದ್ದು ಇಷ್ಟೇ: ಮುಂದಿನ ಸಲ ಊಟ ಮಾಡಿಯೇ ಬರಬೇಕು.

ಇನ್ನು ಬಳ್ಳಿಗಳ ಸಂಗತಿ. ಓಯ್ಗೆನ್ ಸಾಯುವ ವರ್ಷದ ವಸಂತದಲ್ಲಿ ಕೈಯಾರೆ ನೆಟ್ಟ ಬಳ್ಳಿಗಳವು. ಸೊಲಾರಿಸ್ ಎಂದು ಹೆಸರು, ಬಿಳಿ ದ್ರಾಕ್ಷಿ, ಹೊಸ ಹೈಬ್ರಿಡ್ ತಳಿ. ಚಳಿಗಾಲದಲ್ಲಿ ಹಿಮದೊಳಗೆ ಹೂತು ನಿಂತರೂ ಜಗ್ಗುವುದಿಲ್ಲ, ಬೂಷ್ಟು ಹತ್ತುವುದಿಲ್ಲ. ಹಿಂಡಿದ ದಿನ ಕುಡಿದರೆ ಜ್ಯೂಸು, ಮುಚ್ಚಿಟ್ಟು ಕಾದರೆ ವೈನು. ಹಿಂದಿನ ವರ್ಷ ನಾಲ್ಕಾರು ಗೊಂಚಲು ಬಿಟ್ಟಿದ್ದವಂತೆ, ಅವೂ ಹಕ್ಕಿಗಳ ಪಾಲು. ಈ ವರ್ಷವೇ ಮೊದಲ ತುಂಬು ಫಸಲು. ಅಕ್ಟೋಬರಿನಲ್ಲಿ ಫ್ರಾವ್ ರೋಮಿಂಗರ್‌ಗೆ ಎಪ್ಪತ್ತೈದು ತುಂಬುತ್ತದೆ. "ಅವತ್ತು ಬಂದವರಿಗೆಲ್ಲ ಓಯ್ಗೆನ್‌ನ ದ್ರಾಕ್ಷಿಯನ್ನೇ ಕುಡಿಸಬೇಕು" ಎಂದು ಅವರು ಬಳ್ಳಿಯ ತಂತಿ ಹಿಡಿದು ಹೇಳಿದ್ದನ್ನು ಜಯಾ, ಚೇತನ ಇಬ್ಬರೂ ಕೇಳಿದ್ದರು.

ಏಪ್ರಿಲ್ ಮಧ್ಯದಲ್ಲಿ ಅವರ ಸೊಂಟದ ಆಪರೇಷನ್ ಬಂತು. ಆಸ್ಪತ್ರೆ, ಆಮೇಲೆ ನಡೆಯುವ ತರಬೇತಿ, ಒಟ್ಟು ಆರು ವಾರ. ಹೋಗುವಾಗ ಒಂದು ಚೀಟಿ ಕೊಟ್ಟರು. ಯಾವ ವಾರ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕು, ಟಪಾಲು ಎಲ್ಲಿಡಬೇಕು, ಎಲ್ಲ ನಂಬರು ಹಾಕಿ ಬರೆದಿತ್ತು. ಕೊನೆಯ ಸಾಲು: "ಬಳ್ಳಿಗೆ ಏನೂ ಮಾಡಬೇಡಿ." ಅದರ ಕೆಳಗೆ ಎರಡು ಗೆರೆ.

ಚೇತನ ಆ ಗೆರೆಗಳನ್ನು ನೋಡಿ ಮರುಗಿದ. "ಎಷ್ಟ ಸಂಕೋಚ ನೋಡ ಮುದುಕಿಗೆ! ತಾನs ದವಾಖಾನಿಗೆ ಹೊಂಟೈತಿ, ನಮಗ ತ್ರಾಸ ಆಗಬಾರದಂತ ಎರಡ ಗೆರಿ ಹೊಡದೈತಿ."

"ಏನೂ ಮಾಡಬ್ಯಾಡ್ರಿ ಅಂದ್ರ ಏನೂ ಮಾಡಬ್ಯಾಡ್ರಿ ಅಂತ ಅರ್ಥ," ಎಂದಳು ಜಯಾ.

"ನಮ್ಮವ್ವ ಊರಿಗೆ ಹೋಗೂಮುಂದ ಏನಂತಿದ್ಳು? 'ಬಚ್ಚಲಾ ತಿಕ್ಕಬ್ಯಾಡ್ರಿ, ನಾ ಬಂದ ತಿಕ್ಕತೀನಿ.' ತಿಕ್ಕದಿದ್ರ?"

ಜಯಾ ಚೀಟಿ ಮಡಿಚಿಟ್ಟಳು. ಅತ್ತೆ ಅಂಬವ್ವನ ಬಚ್ಚಲು ತಿಕ್ಕದೆ ಬಿಟ್ಟು ಮೂರು ದಿನ ಮಾತಿಲ್ಲದೆ ಕಳೆದ ಸೊಸೆ ಅವಳೇ.

ಅಲ್ಲಿಗೆ ತೀರ್ಮಾನವಾಯಿತು. ಮುದುಕಿ ಬರುವಷ್ಟರಲ್ಲಿ ಬಳ್ಳಿಗಳಿಗೆ ಬಿಜಾಪುರದ ಸೇವೆ ಸಲ್ಲಬೇಕು. ಮನೆ ಕೊಟ್ಟ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ದಾರಿ ಯಾವುದು? ಕರಾರೂ ತಾನಾಗಿಯೇ ಮುಂದುವರಿದೀತು! ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಚಾಟ್ನಿ. ಬಳ್ಳಿಯ ಕೊಂಬೆಗಳನ್ನು ಬುಡದವರೆಗೂ ಸವರಿ ಬೋಳು ಮಾಡುವುದು. ಅಪ್ಪನ ತೋಟದಲ್ಲಿ ಪ್ರತಿ ಏಪ್ರಿಲಿಗೂ ಆಳುಗಳು ಕತ್ತರಿ ಹಿಡಿದು ಸಾಲುಗಟ್ಟಿ ಹೋಗುವುದನ್ನು ಚೇತನ ಕಣ್ಣಾರೆ ಕಂಡಿದ್ದ. ಇಲ್ಲಿ ನೋಡಿದರೆ ಒಂದೊಂದು ಬಳ್ಳಿಗೂ ಒಂದೊಂದೇ ಉದ್ದ ಕೊಂಬೆ, ಬಿಲ್ಲಿನಂತೆ ಬಗ್ಗಿಸಿ ತಂತಿಗೆ ಕಟ್ಟಿದ್ದರು. ಅದರ ತುಂಬ ಬೆರಳುದ್ದದ ಚಿಗುರು. "ಪಾಪ, ವಯಸ್ಸಾದವರು, ಅರ್ಧಕ್ಕs ಬಿಟ್ಟಾರ," ಎಂದು ಚೇತನ ಪಟಗಾ ಬಿಗಿದುಕೊಂಡ.

ಒಂದು ತಾಸಿನಲ್ಲಿ ಹನ್ನೊಂದು ಬಳ್ಳಿಗಳು ಹನ್ನೊಂದು ಗೂಟಗಳಾದವು.

ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದ ಚೇತನನಿಗೆ ಬಿಜಾಪುರವೇ ಎದುರಿಗೆ ಬಂದಂತಾಯಿತು. ಆಮೇಲೆ ಬೂಟಿನ ಮೇಲೆ ಏನೋ ಹನಿಯಿತು. ಮಳೆಯೇ? ಆಕಾಶ ಶುಭ್ರವಾಗಿತ್ತು. ಕತ್ತರಿಸಿದ ಒಂದೊಂದು ತುದಿಯಿಂದಲೂ ತೊಟ್ಟು ತೊಟ್ಟು ನೀರು ಇಳಿಯುತ್ತಿತ್ತು. ಹನ್ನೊಂದೂ ಬಳ್ಳಿಗಳು ಸದ್ದಿಲ್ಲದೆ ಅಳುತ್ತಿದ್ದವು.

"ಜಯಾ, ಅರಿಷಿಣ ತಾ! ಗಾಯ ಆಗ್ಯಾವ!"

ಊರಿಂದ ಹೊತ್ತು ತಂದ ಎರಡು ಕಿಲೋ ಅರಿಷಿಣದಲ್ಲಿ ಒಂದೂವರೆ ಕಿಲೋ ಎಣ್ಣೆಯಲ್ಲಿ ಕಲಸಿ ಗೂಟಗಳ ತಲೆಗೆ ಮೆತ್ತಿದ್ದಾಯಿತು. ರಕ್ತ ನಿಲ್ಲಿಸುವ ಅರಿಷಿಣ ಈ ನೀರನ್ನು ನಿಲ್ಲಿಸಲಿಲ್ಲ, ಹಳದಿ ಕಣ್ಣೀರು ಇಳಿಯಿತು. ಕೊನೆಗೆ ಚೇತನ ಫೋನ್ ಕಾರ್ಡು ಕೆರೆದು ಅಪ್ಪನಿಗೆ ಫೋನ್ ಹಚ್ಚಿದ.

ಸಿದ್ದರಾಮಪ್ಪನವರು ಎಲ್ಲ ಕೇಳಿ ಒಂದೇ ಮಾತು ಕೇಳಿದರು. "ಅಲ್ಲೆ ಹಣ್ಣ ಯಾವಾಗ ಕೀಳ್ತಾರ?"

"ಸೆಪ್ಟೆಂಬರ್‌ನ್ಯಾಗ, ಅಪ್ಪಾ."

"ನಮ್ಮಲ್ಲೆ ಯಾವಾಗ ಕೀಳ್ತೀವಿ?"

"ಫೆಬ್ರವರಿ, ಮಾರ್ಚ್..."

"ನಾವು ಹಣ್ಣ ಕಿತ್ತ ಮ್ಯಾಲೆ ಚಾಟ್ನಿ ಮಾಡ್ತೀವಿ. ನೀ ಹಣ್ಣ ಬಿಡೂಕಿಂತ ಮೊದ್ಲs ಮಾಡೀಯಲ್ಲೋ, ಹುಚ್ಚಪ್ಪ! ಆ ಚಿಗರಿನ್ಯಾಗs ಇತ್ತು ಈ ವರ್ಷದ ಪೀಕು. ಹಕ್ಕಿ ಓಡ್ಸೂ ಕೆಲಸದಿಂದs ನಿನ್ನ ಬಿಡಿಸಿದ್ದೆ. ಕತ್ತರಿ ಕೊಟ್ಟಾಂವ ಯಾಂವ?"

ಚೇತನ ಫೋನಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ. ಗಂಡನ ನೆನಪಿನ ಮೊದಲ ಫಸಲು. ಎಪ್ಪತ್ತೈದರ ಹಬ್ಬ. ಇಪ್ಪತ್ತಮೂರು ಮನೆಯವರು ಬಾಗಿಲು ಹಾಕಿಕೊಂಡಾಗ ಬಾಗಿಲು ತೆರೆದ ಹೆಂಗಸಿಗೆ ತಾನು ಕೊಟ್ಟ ಉಡುಗೊರೆ ಹನ್ನೊಂದು ಗೂಟ! ಅಕ್ಟೋಬರಿಗೆ ಕರಾರು ಹರಿದು ಕೈಗೆ ಕೊಡುತ್ತಾರೆ, ಕೊಡಬೇಕಾದ್ದೇ. ಅವನ ಕಣ್ಣಲ್ಲೂ ನೀರು ಬಂತು. ಐದು ವರ್ಷದ ಮಗಳು ಪವಿ ಎದುರಿಗೇ ನಿಂತು ಅದನ್ನು ಗಮನಿಸಿದಳು. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಚೇತನನಿಗೆ ಸಿಕ್ಕಿದ ಕಡ್ಡಿ ಎಂದರೆ ಕತ್ತರಿಸಿ ಬಿಸಾಕಿದ ಕೊಂಬೆಗಳೇ. ಅವನ್ನೆಲ್ಲ ಆರಿಸಿ ತಂದು, ಮತ್ತೆ ಬಿಲ್ಲಿನಂತೆ ಬಗ್ಗಿಸಿ, ಇದ್ದಲ್ಲೇ ಗೂಟಕ್ಕೆ ಜೋಡಿಸಿದ. ಕಟ್ಟಲು ದಾರ? ಅಂಬವ್ವ ಮೊಮ್ಮಗಳಿಗೆಂದು ಕಳಿಸಿದ್ದ ಕೆಂಪು ಉಡದಾರದ ಒಂದು ಕಟ್ಟು ಕಪಾಟಿನಲ್ಲಿತ್ತು. ಹೀಗೆ ಹನ್ನೊಂದು ಬಳ್ಳಿಗಳೂ ತಲೆಗೆ ಅರಿಷಿಣ, ಸೊಂಟಕ್ಕೆ ಉಡದಾರ ಧರಿಸಿ ಸಾಲಾಗಿ ನಿಂತವು.

ಪಕ್ಕದ ಮನೆಯ ಯಜಮಾನ ಹೆರ್ ಕ್ನಾಪ್ ಬೇಲಿಯ ಮೇಲಿನಿಂದ ಬಹಳ ಹೊತ್ತು ನೋಡಿದರು. ಅವರದೂ ಹಿತ್ತಲ ತುಂಬ ದ್ರಾಕ್ಷಿ. "ಇದು... ಧಾರ್ಮಿಕವೇ?"

ಚೇತನ ತಲೆಯಾಡಿಸಿದ. "ಹೌದು. ನಮ್ಮ ಕಡೆಯ ಪದ್ಧತಿ."

ಹೆರ್ ಕ್ನಾಪ್ ಗೌರವದಿಂದ ಟೋಪಿ ತೆಗೆದು ಒಳಗೆ ಹೋದರು.

ಕಟ್ಟಿದ ಕೊಂಬೆ ಎಷ್ಟು ದಿನ ನಾಟಕ ಆಡೀತು? ಚಿಗುರು ಬಾಡಿ, ಒಣಗಿ, ಕಂದುಬಣ್ಣಕ್ಕೆ ತಿರುಗಿತು. ಚೇತನ ದಿನವೂ ಆಫೀಸಿನಿಂದ ಬಂದವನೇ ಹಿತ್ತಲಿಗೆ ಹೋಗಿ ಅವಕ್ಕೆ ನೀರು ಚಿಮುಕಿಸುತ್ತಿದ್ದ. ಸತ್ತ ಎಮ್ಮೆಗೆ ಹುಲ್ಲು ಹಾಕಿದ ಹಾಗೆ.

ಆಗ ಬಂತು ಮೇ ತಿಂಗಳ ಚಳಿ. ಮೇ ಹದಿನೈದರ ಆಸುಪಾಸಿನಲ್ಲಿ ಒಮ್ಮೊಮ್ಮೆ ಹಿಮ ಬಿದ್ದು ಎಳೆ ಚಿಗುರನ್ನು ಸುಡುವುದುಂಟು. ಆ ದಿನಕ್ಕೆ 'ತಣ್ಣನೆಯ ಸೋಫಿ' ಎಂದೇ ಅಲ್ಲಿಯವರು ಹೆಸರಿಟ್ಟಿದ್ದಾರೆ. ಈ ತಳಿಯ ಬಲಿತ ಕಟ್ಟಿಗೆ ಎಂಥ ಚಳಿಗಾಲವನ್ನೂ ತಡೆಯುತ್ತದೆ, ಬೆರಳುದ್ದದ ಚಿಗುರು ಮಾತ್ರ ಯಾವ ತಳಿಯದಾದರೂ ಕೂಸೇ. ಬೆಳಿಗ್ಗೆ ಎದ್ದು ನೋಡಿದರೆ ಓಣಿಯ ಹಿತ್ತಲುಗಳಲ್ಲೆಲ್ಲ ದ್ರಾಕ್ಷಿಯ ಚಿಗುರು ಬಿಸಿನೀರು ಹೊಯ್ದಂತೆ ಕಪ್ಪಾಗಿ ಜೋತು ಬಿದ್ದಿತ್ತು. ಹೆರ್ ಕ್ನಾಪ್ ತಲೆ ಮೇಲೆ ಕೈಹೊತ್ತು ನಿಂತಿದ್ದರು. ಚೇತನನ ಬಳ್ಳಿಗಳತ್ತ ನೋಡಿ, "ನಿಮ್ಮದೂ ಹೋಯಿತಲ್ಲ" ಎಂದು ನಿಟ್ಟುಸಿರುಬಿಟ್ಟರು.

ಚೇತನ ಹಾರುತ್ತಲೇ ಮೇಲೆ ಬಂದ. "ಜಯಾ! ದೇವ್ರು ದೊಡ್ಡಾಂವ! ಎಲ್ಲಾರದೂ ಹೋಗ್ಯಾವ. ನಮ್ಮವೂ ಥಂಡಿಗೇ ಹೋದ್ವು ಅಂತ ತಿಳ್ಕೊತಾರ!"

ಜಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಇಡೀ ಓಣಿ ಅಳಾಕತ್ತೈತಿ, ನೀವು ಕುಣೀತೀರಿ. ಆ ಅಜ್ಜಿ ಮುಂದ ಸುಳ್ಳ ಹೇಳಿ ಈ ಮನ್ಯಾಗ ಇರೂದಾದ್ರ, ಈ ಮನಿ ನನಗ ಬ್ಯಾಡ."

"ಸುಳ್ಳ ಹೇಳೂದಿಲ್ಲ. ಸುಮ್ಮನಿರ್ತೀನಿ ಅಷ್ಟ."

"ಕ್ನಾಪ್ ಅವ್ರ ಮುಂದ ಸುಮ್ಮನಿದ್ರೇನು? ಒಣಗಿದ ಕಟ್ಟಿಗಿಗೆ ದೇವ್ರ ಹೆಸರ ಹೇಳಿ ಬಂದ್ರಿ," ಎಂದು ಜಯಾ ಮತ್ತೆ ರೊಟ್ಟಿ ಬಡಿಯತೊಡಗಿದಳು, ಈ ಸಲ ಸ್ವಲ್ಪ ಜೋರಾಗಿ.

ಮೇ ಕೊನೆಗೆ ಫ್ರಾವ್ ರೋಮಿಂಗರ್ ಎರಡು ಊರುಗೋಲು ಹಿಡಿದು ಬಂದರು. ಬಂದವರು ಮನೆಯೊಳಗೂ ಹೋಗಲಿಲ್ಲ, ನೇರ ಹಿತ್ತಲಿಗೆ. ಹಿಂದೆ ಚೇತನ, ಜಯಾ, ಪವಿ. ಒಣಗಿದ ಸಾಲಿನ ಮುಂದೆ ನಿಂತು ಮುದುಕಿ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಆಮೇಲೆ ತಿರುಗಿ, ಒಂದು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಚೇತನನ ತೋಳು ತಟ್ಟಿದರು.

"ಬೇಸರ ಮಾಡಿಕೊಳ್ಳಬೇಡಿ, ಹೆರ್ ಕುಮಾರ್. ನೀವು ಚೆನ್ನಾಗಿ ನೋಡಿಕೊಂಡಿದ್ದಿರಿ ಎಂದು ಕ್ನಾಪ್ ಹೇಳಿದ. ದಿನಾ ನೀರು ಹಾಕಿದಿರಂತೆ, ಪೂಜೆಯನ್ನೂ ಮಾಡಿಸಿದಿರಂತೆ. ಹಿಮಕ್ಕೆ ಯಾರೇನು ಮಾಡಲಾದೀತು?"

ಬೈದಿದ್ದರೆ ಚೇತನ ತಡೆದುಕೊಳ್ಳುತ್ತಿದ್ದ. ತಾನು ಹಾಳು ಮಾಡಿದ್ದಕ್ಕೆ ಅವರೇ ತನ್ನನ್ನು ಸಮಾಧಾನ ಮಾಡುವುದನ್ನು ಮಾತ್ರ ಅವನಿಂದ ತಾಳಲಾಗಲಿಲ್ಲ. ಬಾಯಿಬಿಟ್ಟ. ಆದರೆ ಅವನ ಜರ್ಮನ್ ಕಸದ ಡಬ್ಬಿಯ ಬಣ್ಣಗಳಾಚೆ ದಾಟಿರಲಿಲ್ಲ. "ಫ್ರಾವ್ ರೋಮಿಂಗರ್... ನಾನು... ಬಳ್ಳಿ... ನಮ್ಮ ಊರಲ್ಲಿ ಏಪ್ರಿಲ್... ಸ್ವಲ್ಪ..."

ಪವಿ ಕಿಂಡರ್‌ಗಾರ್ಟನ್ನಿನಲ್ಲಿ ಕಲಿತ ಅಚ್ಚ ಜರ್ಮನ್ ಭಾಷೆಯಲ್ಲಿ ಅಪ್ಪನಿಗೆ ನೆರವಾದಳು. "ಅಜ್ಜಿ, ಪಪ್ಪ ಎಲ್ಲಾ ಕತ್ತರಿಸಿಬಿಟ್ಟ. ಹಿಮ ಬೀಳೋಕ್ಕಿಂತ ಮುಂಚೇನೇ. ಆಮೇಲೆ ದಾರದಿಂದ ಕಟ್ಟಿದ. ಆಮೇಲೆ ಅತ್ತ."

ಫ್ರಾವ್ ರೋಮಿಂಗರ್ ಮೊದಲ ಬಳ್ಳಿಯ ಕೊಂಬೆ ಹಿಡಿದು ಮೆಲ್ಲಗೆ ಎಳೆದರು. ಉಡದಾರದ ಸಮೇತ ಅದು ಕೈಗೇ ಬಂತು.

"ಚೀಟಿಯಲ್ಲಿ ಏನೂ ಮಾಡಬೇಡಿ ಎಂದು ಬರೆದಿದ್ದೆ," ಎಂದರು. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಎರಡು ಗೆರೆ ಎಳೆದಿದ್ದೆ."

ಜಯಾ ಮುಂದೆ ಬಂದು, ತನಗೆ ಬರುವ ಅಷ್ಟಿಷ್ಟು ಇಂಗ್ಲಿಷು, ಜರ್ಮನ್, ಉಳಿದದ್ದಕ್ಕೆ ಪವಿಯನ್ನು ಸೇರಿಸಿಕೊಂಡು ಎಲ್ಲ ವಿವರಿಸಿದಳು. ನಮ್ಮಲ್ಲಿ ದೊಡ್ಡವರು ಬೇಡ ಅಂದರೆ ಮಾಡಬೇಕು ಅಂತ ಅರ್ಥ. ಅತಿಥಿ ಬೇಡ ಅಂದರೆ ಇನ್ನೊಮ್ಮೆ ಬಡಿಸಬೇಕು ಅಂತ ಅರ್ಥ. ಅಂಬವ್ವನ ಬಚ್ಚಲಿನ ಕಥೆಯನ್ನೂ ಹೇಳಿದಳು.

ಮುದುಕಿ ಹುಬ್ಬು ಗಂಟಿಕ್ಕಿ ಕೇಳಿದರು. "ಹಾಗಾದರೆ ಅವತ್ತು ಕೇಕು ಬೇಡ ಅಂದದ್ದು?"

"ಭಾಳ ಹಸಿದಿದ್ರು, ಅಜ್ಜಿ," ಎಂದಳು ಜಯಾ.

ಫ್ರಾವ್ ರೋಮಿಂಗರ್ ಬಗ್ಗಿ ಗೂಟದ ತಲೆಯ ಒಣ ಅರಿಷಿಣವನ್ನು ಉಗುರಿನಿಂದ ಕೆರೆದರು. ಅದರ ಕೆಳಗೆ, ಗಂಟಿನ ಹತ್ತಿರ, ಅಕ್ಕಿಕಾಳಿನಷ್ಟು ಹಸಿರು. ಮುಂದಿನ ಗೂಟ ನೋಡಿದರು. ಅಲ್ಲಿಯೂ ಹಸಿರು. ಊರುಗೋಲು ಮರೆತು, ಜಯಾಳ ಹೆಗಲು ಹಿಡಿದು, ಹನ್ನೊಂದೂ ಬಳ್ಳಿಗಳನ್ನು ನೋಡಿ ಬಂದರು.

"ತುದಿಯಲ್ಲಿ ಚಿಗುರಿದ್ದಾಗ ಬುಡದ ಮೊಗ್ಗು ಮಲಗಿರುತ್ತದೆ. ತುದಿಯನ್ನು ನೀವು ಕತ್ತರಿಸಿದಿರಿ. ಇವು ಆಕಳಿಸಿ ಏಳುವಷ್ಟರಲ್ಲಿ ಹಿಮ ಬಂದು ಹೋಗಿತ್ತು," ಎಂದರು. "ಬೇರೆ ತಳಿಯಾಗಿದ್ದರೆ ಬುಡದ ಮೊಗ್ಗಿನಿಂದ ಬರೀ ಎಲೆ. ಇದಕ್ಕೆ ಅಲ್ಲಿಯೂ ಹಣ್ಣು ಬಿಡುವ ಗುಣವಿದೆ, ಓಯ್ಗೆನ್ ಹೇಳುತ್ತಿದ್ದ. ನೋಡೋಣ."

ಆಮೇಲೆ ಒಣಕೊಂಬೆಯಿಂದ ಉಡದಾರ ಬಿಚ್ಚಿ ಕೈಯಲ್ಲಿ ಹಿಡಿದು ನಗತೊಡಗಿದರು. ಹೊಸ ಸೊಂಟ ಅಲುಗಬಾರದೆಂದು ಡಾಕ್ಟರು ಹೇಳಿದ್ದರೂ ನಿಲ್ಲಿಸಲಾಗಲಿಲ್ಲ. ಬೇಲಿಯಾಚೆ ಹೆರ್ ಕ್ನಾಪ್ ಇದೂ ಪೂಜೆಯ ಭಾಗವೇ ಇರಬೇಕೆಂದು ಟೋಪಿ ತೆಗೆದು ನಿಂತರು.

ಆ ಬೇಸಿಗೆಯಲ್ಲಿ ಓಣಿಯವರೆಲ್ಲ ದ್ರಾಕ್ಷಿ ಕಂಡದ್ದು ಈ ಹಿತ್ತಲಿಗೇ ಬಂದು. ಹೆಚ್ಚೇನಲ್ಲ, ಬಳ್ಳಿಗೆ ಏಳೆಂಟು ಗೊಂಚಲು. ಸೆಪ್ಟೆಂಬರ್ ಕೊನೆಗೆ ಕೀಳುವಾಗ ಜೇನಿನ ಬಣ್ಣ ಬಂದಿತ್ತು, ಬೆರಳು ಅಂಟುವಷ್ಟು ಸಿಹಿ. ಚೇತನನ ಕೈಗೆ ಕತ್ತರಿ ಯಾರೂ ಕೊಡಲಿಲ್ಲ, ಬುಟ್ಟಿ ಕೊಟ್ಟರು. ಜಯಾ ಕತ್ತರಿಸಿದಳು, ಪವಿ ಡಬ್ಬಿ ಬಡಿದು ಹಕ್ಕಿ ಓಡಿಸಿದಳು. ಅರ್ಧ ಜ್ಯೂಸಾಯಿತು, ಅರ್ಧ ನೆಲಮಾಳಿಗೆಯ ಗಾಜಿನ ಬುರುಡೆಯಲ್ಲಿ ಗುಳುಗುಳು ಎನ್ನುತ್ತ ವೈನಾಗಲು ಕೂತಿತು.

ಅಕ್ಟೋಬರಿನ ಹುಟ್ಟುಹಬ್ಬಕ್ಕೆ ಓಣಿಯೆಲ್ಲ ಬಂದಿತ್ತು. ಫ್ರಾವ್ ರೋಮಿಂಗರ್ ಮೊದಲ ಲೋಟ ಜ್ಯೂಸನ್ನು ಎತ್ತಿ, ಓಯ್ಗೆನ್‌ನ ಫೋಟೋದ ಮುಂದಿಟ್ಟರು. ಇಷ್ಟು ದೂರದ ನೆಲದಲ್ಲಿ, ಗುರುತಿಲ್ಲದ ಒಬ್ಬ ಹೆಂಗಸು ತನ್ನ ತಪ್ಪನ್ನು ಇಷ್ಟು ಹಗುರ ಮಾಡಿ ಎತ್ತಿಕೊಂಡಿದ್ದು ಚೇತನನಿಗೆ ಸಾಯುವವರೆಗೆ ಮರೆಯುವಂಥದ್ದಲ್ಲ.

ಹೆರ್ ಕ್ನಾಪ್ ಅವನನ್ನು ಮೂಲೆಗೆ ಕರೆದರು. "ಬರುವ ಏಪ್ರಿಲಿಗೆ ನನ್ನ ಬಳ್ಳಿಗಳಿಗೂ ಆ ಹಳದಿ ಪೂಜೆ..."

"ಕ್ನಾಪ್, ಅದು ದೇವರದಲ್ಲ, ನನ್ನ ಮೂರ್ಖತನದ್ದು," ಎಂದು ಚೇತನ ಅವರಿಗೂ ಒಪ್ಪಿಸಿದ. ಕ್ನಾಪ್ ಯೋಚಿಸಿ, "ಆದರೂ ಅರ್ಧ ಕಿಲೋ ಸಿಗಬಹುದೇ?" ಎಂದರು.

ಅಷ್ಟರಲ್ಲಿ ಸೇಬಿನ ಕೇಕು ಬಂತು. "ತೆಗೆದುಕೊಳ್ಳುತ್ತೀರಾ, ಹೆರ್ ಕುಮಾರ್?"

"ಬೇಡ ಬೇಡ, ಡಂಕೆ," ಎಂದಿತು ಅಭ್ಯಾಸಬಲದಿಂದ ಅವನ ನಾಲಿಗೆ.

ಫ್ರಾವ್ ರೋಮಿಂಗರ್ ಅವನ ತಟ್ಟೆಗೆ ಎರಡು ತುಂಡು ಹಾಕಿದರು. ಜಯಾಳ ಕಡೆ ನೋಡಿ ಕಣ್ಣು ಮಿಟುಕಿಸಿ, ಮೂರನೆಯದನ್ನೂ ಹಾಕಿದರು. ಆಮೇಲೆ ಕಪಾಟಿನಿಂದ ಒಂದು ಲಕೋಟೆ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟರು. ಹೊಸ ಕರಾರು. ಚೇತನ ತೆರೆದು ನೋಡಿದ. ಅವಧಿ ಎಂಬಲ್ಲಿ ಈ ಸಲ ತಾರೀಖೇ ಇರಲಿಲ್ಲ. ಇರುವಷ್ಟು ದಿನ ಇರಬಹುದು ಎಂದರ್ಥ. ಜಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೊನೆಯ ಕಲಮನ್ನೂ ಓದಿ," ಎಂದರು ಮುದುಕಿ.

ಅವನ ಜರ್ಮನ್ ನಂಬುವಂತಿರಲಿಲ್ಲವಾದ್ದರಿಂದ ಹಬ್ಬಕ್ಕೆ ಬಂದಿದ್ದ ಪವಿಯ ಟೀಚರೊಬ್ಬರು ಅದನ್ನು ಎಲ್ಲರಿಗೂ ಕೇಳುವಂತೆ ನಿಧಾನವಾಗಿ ಓದಿದರು:

"ಕಲಂ ಹದಿನೇಳು. ಹೆರ್ ಕುಮಾರ್ ಅವರು ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ ಬಳ್ಳಿಗೆ ಏನೂ ಮಾಡಬಾರದು. ಕತ್ತರಿ ಅವರ ಪತ್ನಿಯ ಬಳಿ ಇರತಕ್ಕದ್ದು. ಇದನ್ನು ಸಂಕೋಚದಿಂದ ಬರೆದದ್ದಲ್ಲ."

ಅದರ ಕೆಳಗೆ ಮೂರು ಗೆರೆಗಳಿದ್ದವು. ಚೇತನ ಕೇಕು ತಿನ್ನುತ್ತಲೇ ಸಹಿ ಹಾಕಿದ.